ಎಂಟು ಗಂಟೆಯ ಹಾಜರಿ

೯ ಫೆಬ್ರವರಿ ೧೯೮೭, ಸೋಮವಾರ

ಬೆಳಿಗ್ಗೆ ನದಿಯ ಕಡೆ ನಡೆದು ಬಂದೆ. ಮಂಡಿ ಪರವಾಗಿಲ್ಲ. ಒಹಾಯೋ ನದಿ ಕಂದು ಬಣ್ಣಕ್ಕೆ ತಿರುಗಿದೆ, ಮೇಲೆಲ್ಲೋ ಹಿಮ ಕರಗಿರಬೇಕು. ಹಳೇ ಶಿಪ್‌ಯಾರ್ಡಿನ ಇಳಿಜಾರಿನಲ್ಲಿ ಯಾರೋ ಒಬ್ಬ ನಿಂತಿದ್ದ, ನೀರಿನತ್ತ ಮುಖ ಮಾಡಿ. ಇಷ್ಟು ಚಳಿಗೆ ಕೋಟಿಲ್ಲ. ಅಂಗಿಯ ತೋಳು ಮೊಣಕೈವರೆಗೆ ಮಡಚಿಕೊಂಡಿದ್ದ. ತಿರುಗದೆಯೇ ಕೇಳಿದ, “ಎಂಟಾಯ್ತಾ?” ಗಡಿಯಾರ ನೋಡಿದೆ. “ಇನ್ನೂ ಇಲ್ಲಪ್ಪ, ಇಪ್ಪತ್ತು ನಿಮಿಷ ಇದೆ” ಅಂದೆ. ತಲೆಯಾಡಿಸಿದ. ಯಾವುದೋ ಕೆಲಸದ ಮೇಸ್ತ್ರಿಗೆ ಕಾಯುತ್ತಿರಬೇಕು.

ಮನೆಗೆ ಬಂದರೆ ಸಂಘದ ಕಾಗದ. ಯುದ್ಧದಲ್ಲಿ ನಮ್ಮ ಹಡಗಿನಲ್ಲಿದ್ದ ಹಳಬರೆಲ್ಲ ಸೆಪ್ಟೆಂಬರಿನಲ್ಲಿ ಈ ಊರಿಗೇ ಬರುತ್ತಾರಂತೆ. ಹಡಗು ಹುಟ್ಟಿದ ಊರಲ್ಲವೇ. ಅಷ್ಟರೊಳಗೆ ಹಡಗಿನ ಸೇವಾ ಚರಿತ್ರೆ ಬರೆದುಕೊಡಬೇಕಂತೆ, ನಾನು. “ಹಡಗಿನ ದಿನಚರಿ, ಲಾಗ್, ಬರೆಯುತ್ತಿದ್ದವನು ನೀನೇ ತಾನೆ” ಎಂದು ಕೆಳಗೆ ಒಂದು ಗೆರೆ.

ಹೌದು. ನಾನೇ.

೧೪ ಫೆಬ್ರವರಿ

ಊಟದ ಮೇಜಿನ ಮೇಲೆ ಟೈಪ್‌ರೈಟರು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ನೆಟ್ಟಗೆ ಬರೆಯಲು ಕಲಿತದ್ದೇ ಹಡಗಿನ ಲಾಗಿನಲ್ಲಿ. ಗಂಟೆ ಹಾಕು, ಆದದ್ದು ಹೇಳು, ಸುಮ್ಮನಾಗು. ಅಕ್ಕ ಆಲ್ಮಾಗೆ ಭಾನುವಾರದ ಕಾಗದವನ್ನೂ ಹಾಗೇ ಬರೆಯುತ್ತೇನೆ, ಬೈಯುತ್ತಾಳೆ.

ಮೊದಲ ಪುಟ ಹೀಗೆ ಮಾಡಿದೆ: “ನಮ್ಮ ಹಡಗಿಗೆ ಹೆಸರಿರಲಿಲ್ಲ. ನಂಬರು ೨೫೩. ತಳ ಚಪ್ಪಟೆ, ಮುಂದೆ ಬಾಯಿ. ಟ್ಯಾಂಕು ಲಾರಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ನೇರ ಮರಳಿಗೆ ಮೂತಿ ಹಾಕುವುದು, ಬಾಯಿ ತೆರೆಯುವುದು, ಎಲ್ಲ ಕಕ್ಕುವುದು. ದಡಕ್ಕೆ ಬರುವ ಮೊದಲೇ ಹಿಂಬದಿಯ ಲಂಗರು ಸಮುದ್ರದಲ್ಲಿ ಬಿಟ್ಟಿರಬೇಕು. ಕೆಲಸ ಮುಗಿದ ಮೇಲೆ ಅದೇ ಲಂಗರಿನ ಹಗ್ಗ ಸುತ್ತಿಕೊಂಡು ಹಿಂದೆ ಸರಿಯುವುದು. ಆ ಲಂಗರು ಕೈಕೊಟ್ಟರೆ ಮನೆಗೆ ಬರುವ ದಾರಿ ಇಲ್ಲ.”

ನನ್ನ ಹೆಂಡತಿ ವಿಲ್ಮಾ ಹೆಗಲ ಮೇಲಿಂದ ಓದಿದಳು. ನಲವತ್ನಾಲ್ಕರಲ್ಲಿ ಅವಳು ಈ ಯಾರ್ಡಿನಲ್ಲೇ ವೆಲ್ಡರು.

“ಕಕ್ಕೋದು ಅಂತ ಬರೀಬೇಡ ಮಾರಾಯ. ನಾನು ಬೆಸೆದ ಹಡಗು ಅದು.”

“ಇಡೀ ಹಡಗು ನೀನೊಬ್ಬಳೇ ಬೆಸೆದ್ಯಾ?”

“ಮುಳುಗದೇ ಇರೋ ಭಾಗ ನಾನು ಬೆಸೆದದ್ದು.”

೨ ಮಾರ್ಚ್

ಕಾಗದಗಳು ಬರತೊಡಗಿವೆ. ಒಬ್ಬೊಬ್ಬನ ಅಕ್ಷರವೂ ನಡುಗುತ್ತಿದೆ. ಹಡಗಿನ ಅಡಿಗೆಮನೆಯಲ್ಲಿದ್ದ ಕಾರ್ಮೈನ್ ರೋಸೆಟ್ಟಿ ಏಳು ಪುಟ ಬರೆದಿದ್ದಾನೆ, ಅದರಲ್ಲಿ ಐದು ಪುಟ ಬರೀ ಬೀನ್ಸಿನ ಬಗ್ಗೆ. ಕೊನೆಯ ಪುಟದಲ್ಲಿ ಒಕಿನಾವಾದ ಬಿರುಗಾಳಿ, ೧೯೪೫ರ ಅಕ್ಟೋಬರ್. “ಎಲ್ಲರೂ ವಾಂತಿ ಮಾಡಿಕೊಂಡು ಬಿದ್ದಿದ್ದರು. ಡೆಲ್ಮರ್ ಪ್ರೂಯಿಟ್ ಒಬ್ಬನೇ ನನ್ನ ಪಕ್ಕ ಕೂತು ಆಲೂಗಡ್ಡೆ ಸುಲಿದ. ಒಳ್ಳೇ ಪ್ರಾಣಿ. ಒಂದು ಮಾತಾಡಲಿಲ್ಲ.”

ಎರಡು ಸಲ ಓದಿದೆ.

ಡೆಲ್ಮರ್ ಸಮುದ್ರಕ್ಕೆ ಬಿದ್ದದ್ದು ಅದೇ ವರ್ಷ ಜೂನಿನಲ್ಲಿ.

೪ ಮಾರ್ಚ್, ಮಧ್ಯಾಹ್ನ

ಕಾರ್ಮೈನನಿಗೆ ಫೋನು ಮಾಡಿದೆ.

“ಲೋ ಓರಿನ್, ಬದುಕಿದ್ದೀಯಾ? ಮಂಡಿ ಹೇಗಿದೆ?”

“ಮಂಡಿ ಇರ್ಲಿ. ಡೆಲ್ಮರ್ ವಿಷಯ ಏನೋ ಬರೆದಿದ್ದೀಯಲ್ಲ. ಬಿರುಗಾಳಿ ಹೊತ್ತಿಗೆ ಅವನೆಲ್ಲಿದ್ದ?”

“ನನ್ನ ಪಕ್ಕದಲ್ಲಿದ್ದ. ಮತ್ತೆಲ್ಲಿರ್ತಾನೆ?”

“ಜೂನಲ್ಲೇ ಹೋದ್ನಲ್ಲೋ.”

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ ಹೇಳಿದ, “ಹೌದಲ್ವಾ. ಹೋದ. ನಾನೇ ಅವನ ತಟ್ಟೆ ಮಧ್ಯಾಹ್ನ ಹಾಗೇ ಉಳಿದದ್ದು ನೋಡಿ ಕೂಗಿದ್ದು.” ದನಿ ತಗ್ಗಿಸಿದ. “ಆದ್ರೆ ಸುಲಿದ ಕಣೋ. ಕೈ ಒದ್ದೆ ಇತ್ತು, ಸಿಪ್ಪೆ ಉದ್ದಕ್ಕೆ ಒಂದೇ ಎಳೆ ಬರ್ತಿತ್ತು. ನನಗೆ ಗೊತ್ತು ಯಾರು ಹಾಗೆ ಸುಲೀತಾರೆ ಅಂತ.”

ಅರವತ್ತೆಂಟು ವರ್ಷ ಅವನಿಗೆ. ನೆನಪು ಕಲಸಿಹೋಗುತ್ತೆ. ಚರಿತ್ರೆಯಲ್ಲಿ ಆಲೂಗಡ್ಡೆ ಹಾಕಲಿಲ್ಲ.

೧೩ ಮಾರ್ಚ್, ಶುಕ್ರವಾರ

ಚರ್ಚಿನಲ್ಲಿ ಮೀನೂಟ. ಸಾಲು ಬಾಗಿಲಾಚೆಗೂ ಇತ್ತು. ತಟ್ಟೆ ಹಿಡಿದು ಕೂತಾಗ ವಿಲ್ಮಾ ಕಾರ್ಮೈನ್ ಕಳಿಸಿದ ಫೋಟೋ ತೆಗೆದಳು. ನವೆಂಬರ್ ೧೯೪೫, ಜಪಾನಿನ ಯಾವುದೋ ಬಂದರು. ತೆರೆದ ಬಾಯಿಯ ಇಳಿಹಲಗೆ ಮೇಲೆ ಇಡೀ ಸಿಬ್ಬಂದಿ. ಹಿಂದುಗಡೆ ಹೆಸರುಗಳು.

“ನೂರಾ ಒಂಬತ್ತು ಹೆಸರು” ಅಂದಳು. “ಮುಖ ನೂರಾ ಹತ್ತು.”

“ತಪ್ಪು ಎಣಿಸಿದ್ದೀಯ.”

“ನೀನು ಎಣಿಸು. ಎಣಿಸೋದು ನಿನ್ನ ಕೆಲಸ ಅಲ್ವಾ.”

ಎಣಿಸಲಿಲ್ಲ. ಕೊನೆಯ ಸಾಲಿನ ತುದಿಯಲ್ಲಿ ಒಬ್ಬ ಕ್ಯಾಮೆರಾಗೆ ಬೆನ್ನು ಹಾಕಿ ಹಡಗಿನ ಹಿಂಬದಿಯತ್ತ ನೋಡುತ್ತಿದ್ದಾನೆ. ಅಂಗಿಯ ತೋಳು ಮಡಚಿದೆ. ಮೀನು ತಣ್ಣಗಾಯಿತು.

೩೦ ಮಾರ್ಚ್

ಕೆಂಟಕಿಯ ಗುಡ್ಡದೂರಿನಿಂದ ಐವಾ ಪ್ರೂಯಿಟ್ ಅವರ ಕಾಗದ. ಡೆಲ್ಮರನ ತಂಗಿ. ಸಂಘದವರು ಆಹ್ವಾನ ಕಳಿಸಿದ್ದರಂತೆ, ಬರುತ್ತಾರಂತೆ.

“ಹಾಸ್ಲರ್ ಅವರೇ, ನೌಕಾಪಡೆಯವರು ಅಮ್ಮನಿಗೆ ಬರೆದ ಕಾಗದದಲ್ಲಿ, ಬೆಳಿಗ್ಗೆ ಎಂಟಕ್ಕೆ ಹಾಜರಿದ್ದ, ಆಮೇಲೆ ಕಾಣೆಯಾದ ಎಂದಿತ್ತು. ಎಂಟಕ್ಕೆ ಹಾಜರಿದ್ದನೆಂದರೆ ತಿಂಡಿ ತಿಂದಿರುತ್ತಾನೆ, ಹೊಟ್ಟೆ ತುಂಬಿಯೇ ಹೋದ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ನೀವು ಅವತ್ತು ಅಲ್ಲಿದ್ದಿರಿ. ಅವನನ್ನು ಕೊನೆಗೆ ನೋಡಿದ್ದು ಯಾರು, ಎಷ್ಟು ಹೊತ್ತಿಗೆ? ನನಗೆ ಐವತ್ತೆಂಟು. ಇನ್ನು ಕೇಳಲು ಬೇರೆ ಯಾರೂ ಉಳಿದಿಲ್ಲ.”

ಉತ್ತರ ಬರೆಯಲು ಕೂತೆ. ದಿನಾಂಕ ಹಾಕಿದೆ. ಅಷ್ಟೇ ಆಯಿತು.

೨೧ ಏಪ್ರಿಲ್

ವಾಷಿಂಗ್ಟನ್ನಿನಿಂದ ಲಾಗಿನ ಪ್ರತಿಗಳು ಬಂದವು. ದಪ್ಪ ಕವರು. ವಿಲ್ಮಾ ತೋಟದಲ್ಲಿದ್ದಳು. ಜೂನ್ ೧೧, ೧೯೪೫ ತೆಗೆದೆ. ನನ್ನದೇ ಪೆನ್ಸಿಲು, ನನ್ನದೇ ಬಾಗಿದ ಎಂಟು.

“೦೮೦೦. ಸಿಬ್ಬಂದಿಯ ಹಾಜರಿ ತೆಗೆಯಲಾಯಿತು. ಗೈರು ಯಾರೂ ಇಲ್ಲ.”

ಬರೆದೇ ಬಿಡುತ್ತೇನೆ. ಇಲ್ಲಿಯಾದರೂ.

ಆ ಸಾಲನ್ನು ನಾನು ಬರೆದದ್ದು ಏಳೂ ಇಪ್ಪತ್ತಕ್ಕೆ. ಎಂಟಕ್ಕಲ್ಲ. ದಿನವೂ ಹಾಗೇ. ಹಾಜರಿಯ ಸಾಲು ಯಾವತ್ತೂ ಬದಲಾಗುವುದಿಲ್ಲ, ನಡುಕಡಲಿನಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆ? ಸಾಲು ನಿಲ್ಲಿಸಿ ಎಣಿಸುವುದು ಬಿಟ್ಟೇ ವಾರಗಳಾಗಿದ್ದವು. ಡ್ಯೂಟಿ ಬಿಡುವ ಮೊದಲು ಬರೆದಿಟ್ಟರೆ ನೇರ ತಿಂಡಿಗೆ ಹೋಗಬಹುದು. ಆಫೀಸರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಬೇರೆ ಹಡಗಿನ ಹುಡುಗರೂ ಹಾಗೇ ಮಾಡುತ್ತಿದ್ದರು ಎಂದು ಕೇಳಿದ್ದೆ. ಕೇಳಿ ಸಮಾಧಾನ ಪಟ್ಟಿದ್ದೆ.

ಅವತ್ತು ಆರೂ ನಲವತ್ತಕ್ಕೆ ಮೇಲಿನಿಂದ ಹಿಂಬದಿಗೆ ಬಗ್ಗಿ ನೋಡಿದೆ. ಡೆಲ್ಮರ್ ಲಂಗರಿನ ರಾಟೆಗೆ ಗ್ರೀಸು ಹಚ್ಚುತ್ತಿದ್ದ, ತೋಳು ಮಡಚಿಕೊಂಡು. ಕೈ ಎತ್ತಿದ. ನಾನೂ ಎತ್ತಿದೆ. ಏಳೂಕಾಲಿಗೆ ಮತ್ತೆ ನೋಡಿದಾಗ ಗ್ರೀಸಿನ ಡಬ್ಬಿ ಮಾತ್ರ, ಮುಚ್ಚಳ ತೆರೆದೇ ಇತ್ತು. ತಿಂಡಿಗೆ ಹೋಗಿರಬೇಕು ಅಂದುಕೊಂಡೆ. ಬಂದು ಆ ಸಾಲು ಬರೆದೆ.

ಮಧ್ಯಾಹ್ನ ಕಾರ್ಮೈನ್ ತಟ್ಟೆ ಉಳಿದಿದೆ ಎಂದು ಕೂಗಿದ. ಹುಡುಕಿದರು. ಲಾರಿಗಳ ಅಡಿಯಲ್ಲಿ, ನೀರಿನ ತೊಟ್ಟಿಯಲ್ಲಿ, ಎಲ್ಲ ಕಡೆ. ನಾಲ್ಕು ಗಂಟೆಗೆ ಆಫೀಸರು ನನ್ನ ಮುಂದೆ ಲಾಗ್ ಹಿಡಿದು ಕೇಳಿದರು, “ಎಂಟಕ್ಕೆ ಇದ್ದ ಅಂತ ಇದೆ. ಸರಿ ತಾನೆ?”

ಇಪ್ಪತ್ತೊಂದು ವರ್ಷ ನನಗೆ. ಸುಳ್ಳು ಲಾಗ್ ಬರೆದವನನ್ನು ಏನು ಮಾಡುತ್ತಾರೆಂದು ಗೊತ್ತಿತ್ತು.

“ಹೌದು ಸರ್” ಅಂದೆ.

ಒಂದು ಕಾವಲು ಹಡಗು ಹಿಂದಕ್ಕೆ ಹೋಯಿತು. ನಾವು ಬೆಳಿಗ್ಗೆ ಎಂಟಕ್ಕೆ ಎಲ್ಲಿದ್ದೆವೋ ಅಲ್ಲಿಯವರೆಗೆ ಹೋಗಿ, ಹುಡುಕಿ, ತಿರುಗಿ ಬಂತು. ಡೆಲ್ಮರ್ ಬಿದ್ದದ್ದು ಅದಕ್ಕಿಂತ ಹನ್ನೆರಡು ಮೈಲಿ ಆಚೆಗೆ. ಸಮುದ್ರ ಶಾಂತವಾಗಿತ್ತು. ನೀರು ಬೆಚ್ಚಗಿತ್ತು. ಸೊಂಟಕ್ಕೆ, ನೀರಿಗೆ ಬಿದ್ದರೆ ತೇಲಿಸುವ ಗಾಳಿಪಟ್ಟಿ ಕಟ್ಟಿದ್ದ, ಆರೂ ನಲವತ್ತಕ್ಕೆ ನಾನೇ ನೋಡಿದ್ದೆ.

ಅಂದರೆ ಆ ಹಡಗು ತಿರುಗಿದ್ದನ್ನು ಅವನು ಕಂಡಿದ್ದರೂ ಕಂಡಿರಬಹುದು.

೨೨ ಏಪ್ರಿಲ್

ಉಳಿದ ಪುಟಗಳನ್ನು ನೋಡಿದೆ. ಜೂನ್ ೧೨ರಿಂದ ಸಿಬ್ಬಂದಿ ನೂರಾ ಒಂಬತ್ತಾಗಬೇಕು. ಪ್ರತಿದಿನ ನೂರಾ ಹತ್ತು ಎಂದೇ ಇದೆ. ನಾನು ಬರೆದ ದಿನಗಳಲ್ಲೂ. ಡಿಸೆಂಬರಿನಲ್ಲಿ ನಾನು ಹಡಗು ಬಿಟ್ಟ ಮೇಲೆ ಬೇರೊಬ್ಬ ಬರೆದ ದಿನಗಳಲ್ಲೂ ಒಬ್ಬ ಜಾಸ್ತಿಯೇ. ನಾನೂ ಸೇರಿ ಇಪ್ಪತ್ತು ಜನ ಊರಿಗೆ ಹೊರಟ ವಾರ ಎಂಬತ್ತೊಂಬತ್ತು ಉಳಿಯಬೇಕು. ತೊಂಬತ್ತು ಎಂದಿದೆ. ಗೈರು ಯಾರೂ ಇಲ್ಲ. ಗೈರು ಯಾರೂ ಇಲ್ಲ. ಕೊನೆಯ ದಿನ ಬಾವುಟ ಇಳಿಸುವವರೆಗೂ.

೬ ಜೂನ್

ಹಡಗು ಮಾರಿದ ಮೇಲೆ ಏನಾಯಿತೆಂದು ತಿಳಿದವರು ಬರೆಯಿರಿ ಎಂದು ಸಂಘದವರು ಒಂದು ನಾವಿಕರ ಪತ್ರಿಕೆಯಲ್ಲಿ ಹಾಕಿಸಿದ್ದರು. ಫಿಲಿಪೀನ್ಸಿನ ಇಲೋಇಲೋ ಊರಿನಿಂದ ಉತ್ತರ ಬಂತು. ಬರೆದವನು ಫೆಲಿಸಿಯಾನೋ ತದಿಯಾರ್, ಹಡಗಿನ ಎಂಜಿನ್ ಮೇಸ್ತ್ರಿ. ದ್ವೀಪದಿಂದ ದ್ವೀಪಕ್ಕೆ ಕೊಬ್ಬರಿ, ಮರ, ಹಂದಿ, ಮದುವೆ ದಿಬ್ಬಣ ಎಲ್ಲ ಸಾಗಿಸಿತಂತೆ, ಮೂವತ್ತೆಂಟು ವರ್ಷ. ಯುದ್ಧದಲ್ಲಿ ಅಂಥದೇ ಮರಳಿಗೆ ಬಂದೂಕು ಹಿಡಿದು ಹೋಗಿದ್ದ ಹಡಗು. ಓದಿ ಖುಷಿಯಾಯಿತು. ಆಮೇಲೆ ಇದು. ಹಾಗೇ ಇಳಿಸಿಕೊಳ್ಳುತ್ತೇನೆ:

“ಅಯ್ಯಾ, ಒಂದು ವಿಷಯ ನಿಮ್ಮಲ್ಲಿ ಕೇಳಬೇಕು. ಈ ಹಡಗಿನಲ್ಲಿ ದಿನಾ ಒಂದು ತಟ್ಟೆ ಅನ್ನ ಜಾಸ್ತಿ ಬಡಿಸಿ ಹಿಂಬದಿಯ ರಾಟೆ ಹತ್ತಿರ ಇಡುತ್ತಿದ್ದೆವು. ಯಾರು ಶುರು ಮಾಡಿದ್ದೋ ಗೊತ್ತಿಲ್ಲ, ನಾನು ಸೇರುವಾಗಲೇ ಇತ್ತು. ಅಲ್ಲಿ ಬೆಳಿಗ್ಗೆ ಒಬ್ಬರು ನಿಲ್ಲುತ್ತಾರೆ, ಬಂದ ದಾರಿಯತ್ತ ಮುಖ ಮಾಡಿ. ಯಾರಿಗೂ ತೊಂದರೆ ಕೊಟ್ಟವರಲ್ಲ. ಒಂದೇ ಮಾತು ಕೇಳುತ್ತಾರೆ, ಇಂಗ್ಲಿಷಿನಲ್ಲಿ: ಎಂಟಾಯ್ತಾ? ನಿಜವಾದ ಟೈಮು ಹೇಳಬೇಕು ಎಂದು ಹಳಬರು ಕಲಿಸಿದ್ದರು. ಒಮ್ಮೆ ಹೊಸಬನೊಬ್ಬ, ಎಂಟಾಗಲು ಇನ್ನೂ ಹೊತ್ತಿರುವಾಗಲೇ ತಮಾಷೆಗೆ, ಆಯ್ತು ಹೋಗು, ಅಂದುಬಿಟ್ಟ. ಅವತ್ತು ಸಂಜೆಯವರೆಗೂ ಎಷ್ಟು ಸಲ ಎಣಿಸಿದರೂ ನಮ್ಮಲ್ಲಿ ಒಬ್ಬ ಜಾಸ್ತಿ. ಯಾರು ಜಾಸ್ತಿ ಎಂದು ಮಾತ್ರ ತಿಳಿಯದು. ಕಳೆದ ವರ್ಷ ಹಡಗನ್ನು ದಡಕ್ಕೆಳೆದು ಒಡೆದರು. ಇನ್ನು ಅವರೆಲ್ಲಿ ನಿಲ್ಲುತ್ತಾರೋ ಎಂದು ನಮ್ಮ ಅಡಿಗೆಯವನು ಅತ್ತ. ಅವರು ನಿಮ್ಮವರೇ?”

ಫೆಬ್ರವರಿ ೯ರ ಪುಟ ತೆಗೆದು ಓದಿದೆ. ಇದೇ ಡೈರಿ. ಇದೇ ಕೈ.

ಇಪ್ಪತ್ತು ನಿಮಿಷ ಇದೆ ಅಂದಿದ್ದೆ. ಸದ್ಯ, ಸುಳ್ಳು ಹೇಳಿರಲಿಲ್ಲ.

೧೧ ಜೂನ್, ಬೆಳಿಗ್ಗೆ ೯

ಹೋಗಿದ್ದೆ. ಏಳೂವರೆಗೆ. ಇಳಿಜಾರು ಖಾಲಿ. ಕಾದೆ. ಎಂಟು ಹೊಡೆಯಿತು. ಏನಿಲ್ಲ. ತಿರುಗಿ ಬರುವಾಗ ಕಾಂಕ್ರೀಟಿನ ಮೇಲೆ ಒದ್ದೆ ಹೆಜ್ಜೆ. ನದಿಯಿಂದ ಮೇಲಕ್ಕೆ, ನಾನು ನಿಂತಿದ್ದಲ್ಲಿಯವರೆಗೆ. ಹಿಂದಕ್ಕೆ ಹೋದದ್ದಿಲ್ಲ.

೨೯ ಆಗಸ್ಟ್

ಎರಡೂವರೆ ತಿಂಗಳು ಇದರಲ್ಲಿ ಬರೆದಿಲ್ಲ. ಚರಿತ್ರೆ ಟೈಪು ಮಾಡಿ ಮುಗಿಸಿದೆ, ಮೂವತ್ತೊಂದು ಪುಟ. ಜೂನ್ ೧೧ಕ್ಕೆ ಒಂದೇ ಸಾಲು, ಲಾಗಿನಲ್ಲಿದ್ದಂತೆ. ವಿಲ್ಮಾ ಓದುತ್ತಿದ್ದವಳು ಅಲ್ಲಿಗೆ ನಿಲ್ಲಿಸಿದಳು.

“ಬೀನ್ಸಿಗೆ ಎರಡು ಪುಟ. ಈ ಹುಡುಗನಿಗೆ ಒಂದು ಸಾಲು?”

ಹೇಳಿಬಿಟ್ಟೆ. ಎಲ್ಲ. ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ಇವತ್ತು. ಕೇಳುತ್ತಾ ಟೊಮೇಟೊ ಹೆಚ್ಚತೊಡಗಿದಳು, ಹೆಚ್ಚುತ್ತಲೇ ಇದ್ದಳು.

“ಯಾರ್ಡಲ್ಲಿ” ಅಂದಳು ಕೊನೆಗೆ, “ಕೆಟ್ಟ ಬೆಸುಗೆ ಮೇಲೆ ಬಣ್ಣ ಹೊಡೆದ್ರೆ ಇನ್‌ಸ್ಪೆಕ್ಟರಿಗೂ ಕಾಣ್ತಿರಲಿಲ್ಲ. ನಾವು ಏನು ಮಾಡ್ತಿದ್ವಿ ಗೊತ್ತಾ? ನಾವೇ ಸೀಮೆಸುಣ್ಣದಲ್ಲಿ ಗುರುತು ಹಾಕ್ತಿದ್ವಿ, ಕೆರೆದು ಮತ್ತೆ ಬೆಸೀಬೇಕು ಅಂತ. ಅದರೊಳಗೆ ಕೂರೋರು ನೀವಾಗಿದ್ರಿ.”

“ಅವರಮ್ಮ ಅದನ್ನೇ ನಂಬಿಕೊಂಡು ಸತ್ತಳು ವಿಲ್ಮಾ. ತಿಂಡಿ ತಿಂದಿದ್ದ ಅಂತ.”

“ಅಮ್ಮ ಕೇಳ್ತಿಲ್ಲ. ತಂಗಿ ಕೇಳ್ತಿದ್ದಾಳೆ.”

೧೮ ಸೆಪ್ಟೆಂಬರ್, ಶುಕ್ರವಾರ, ರಾತ್ರಿ ೧೦

ಹಳಬರೆಲ್ಲ ಬಂದಿದ್ದಾರೆ. ಕಾರ್ಮೈನ್ ನನ್ನ ಅಡಿಗೆಮನೆ ಹೊಕ್ಕು ವಿಲ್ಮಾಳ ಆಲೂಗಡ್ಡೆ ಸಲಾಡಿಗೆ ಹುಳಿ ಸಾಲದು ಎಂದು ಹೇಳಿ ಹೊರಗೆ ಹಾಕಿಸಿಕೊಂಡ.

ಮೂರು ಗಂಟೆಗೆ ಐವಾ ಬಂದರು. ಬಸ್ಸಿನಲ್ಲಿ, ಒಬ್ಬರೇ. ಸಣ್ಣಗಿದ್ದಾರೆ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮೂವತ್ತು ವರ್ಷ ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿದವರಂತೆ. ಹಿಂದಿನ ವರಾಂಡದಲ್ಲಿ ಕೂರಿಸಿ ಹೇಳಿದೆ. ಗಂಟೆ ಹಾಕಿ, ಆದದ್ದು ಹೇಳಿ, ಸುಮ್ಮನಾದೆ.

ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ.

“ಹಾಗಾದ್ರೆ ತಿಂಡಿ ತಿಂದಿರಲಿಲ್ಲ” ಅಂದರು.

“ಇಲ್ಲ.”

“ಹನ್ನೆರಡು ಮೈಲಿ ಅಂದ್ರಾ?”

“ಅಷ್ಟೇ.”

“ನಮ್ಮನೆಯಿಂದ ರೈಲ್ವೆ ಸ್ಟೇಷನ್ನು ಹನ್ನೆರಡು ಮೈಲಿ. ಅವನು ನಡೆದೇ ಹೋಗಿ ಬರ್ತಿದ್ದ.” ಕೈಚೀಲದ ಹಿಡಿಯನ್ನು ಉಜ್ಜುತ್ತಾ ಇದ್ದರು. “ಪೋಸ್ಟಾಫೀಸಲ್ಲೂ ನಾಳೆಯ ತಾರೀಖಿನ ಮುದ್ರೆ ಇವತ್ತು ಸಂಜೆನೇ ತಿರುಗಿಸಿ ಇಡ್ತೀವಿ ಹಾಸ್ಲರ್ ಅವರೇ. ನಾನೂ ಇಟ್ಟಿದೀನಿ, ಬೇಗ ಮನೆಗೆ ಹೋಗೋಣ ಅಂತ. ಆದ್ರೆ ಅದರಿಂದ ಯಾರೂ ಮುಳುಗಲಿಲ್ಲ.”

ಫೆಲಿಸಿಯಾನೋನ ಕಾಗದ ಕೊಟ್ಟೆ. ಕನ್ನಡಕ ಹಾಕಿ ನಿಧಾನ ಓದಿದರು. ಹೆದರಲಿಲ್ಲ. ಎರಡನೇ ಸಲ ಓದುವಾಗ ಮುಖ ಸ್ವಲ್ಪ ಸಡಿಲವಾಯಿತು.

“ಮನೇಲೂ ಹೀಗೇ. ಎಚ್ಚರ ಆಗಿದ್ರೂ ಹಾಸಿಗೇಲೇ ಬಿದ್ದಿರೋನು. ಅಮ್ಮ ಹೆಸರು ಹಿಡಿದು ಕೂಗಿದ ಮೇಲೇ ಏಳೋದು. ಹೊತ್ತಾಯ್ತಾ, ಹೊತ್ತಾಯ್ತಾ ಅಂತ ನನ್ನನ್ನ ಕೇಳ್ತಾ ಇರೋನು.” ಕಾಗದ ಮಡಚಿದರು. “ಹಡಗಲ್ಲಿ ಅವತ್ತು ಎಂಟಕ್ಕೆ ಅವನ ಹೆಸರು ಯಾರೂ ಕೂಗಲೇ ಇಲ್ಲ, ಅಲ್ವಾ?”

“ಯಾರೂ ಇಲ್ಲ.”

“ನಾಳೆ ಎಂಟಕ್ಕೆ ಹಳೇ ಯಾರ್ಡಲ್ಲಿ ನೀವು ಹಳಬರ ಹಾಜರಿ ತೆಗೀತೀರಂತೆ. ಅವನ ಹೆಸರು ಕೂಗಿ. ಕೂಗಿ ಸ್ವಲ್ಪ ನಿಲ್ಲಿ. ಬೇಗ ಮುಂದಿನ ಹೆಸರಿಗೆ ಹೋಗಬೇಡಿ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಊಟಕ್ಕೆ ಕೂತಾಗ ಬ್ರೆಡ್ಡು ನನ್ನ ಕಡೆ ಸರಿಸಿದರು.

ಚರಿತ್ರೆಯ ಪುಟ ಬದಲಾಯಿಸಿದೆ. ಜೂನ್ ೧೧ ಈಗ ನಾಲ್ಕು ಪುಟ. ನನ್ನ ಹೆಸರಿನೊಂದಿಗೆ.

೧೯ ಸೆಪ್ಟೆಂಬರ್, ಶನಿವಾರ, ೭.೪೫

ಇಳಿಜಾರಿನಲ್ಲೇ ಬರೆಯುತ್ತಿದ್ದೇನೆ. ನದಿ ನನ್ನ ಬೆನ್ನಿಗೆ. ಎದುರು ಎರಡು ಸಾಲು, ಎಲ್ಲರೂ ಹಳೇ ಟೋಪಿಯಲ್ಲಿ. ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದಾರೆ. ಕಾರ್ಮೈನ್, “ಬೇಗ ಶುರು ಮಾಡೋ, ಉಚ್ಚೆ ಬರ್ತಿದೆ” ಅಂದ. ಇನ್ನೂ ಎಂಟಾಗಿಲ್ಲ ಅಂದೆ. ಹಾಜರಿ ಪುಸ್ತಕ ಖಾಲಿ. ವಿಲ್ಮಾ ಪೆನ್ಸಿಲು ಚೂಪು ಮಾಡಿ ಕೊಟ್ಟಿದ್ದಾಳೆ. ಅವಳೂ ಐವಾನೂ ಬದಿಯಲ್ಲಿ, ತೋಳಿಗೆ ತೋಳು ಹಾಕಿಕೊಂಡು.

ಬಂದವರು ಮೂವತ್ತೊಂದು ಜನ. ಎಣಿಸಿದೆ. ಮೂವತ್ತೆರಡು. ಮತ್ತೆ ಎಣಿಸಿದೆ.

೭.೫೮

ಹಿಂದಿನಿಂದ ಕೇಳಿಸಿತು. ಹತ್ತಿರದಲ್ಲೇ. “ಎಂಟಾಯ್ತಾ?”

ತಿರುಗಲಿಲ್ಲ. “ಎರಡು ನಿಮಿಷ ಕಣಪ್ಪ” ಅಂದೆ. “ಈ ಸಲ ಕೂಗ್ತೀನಿ.”

೮.೦೦

ಚರ್ಚಿನ ಗಂಟೆ. ಮೊದಲ ಹೆಸರೇ ಅವನದು ಮಾಡಿದೆ. ಪ್ರೂಯಿಟ್, ಡೆಲ್ಮರ್. ಕೂಗಿ ನಿಂತಿದ್ದೇನೆ. ಸಾಲಿನಲ್ಲಿ ಯಾರೂ ಕೆಮ್ಮುತ್ತಿಲ್ಲ. ಗೈರು ಎಂಬುದರ ಎದುರು ಪೆನ್ಸಿಲು ಇಟ್ಟಿದ್ದೇನೆ, ಬರೆದಿಲ್ಲ. ಐವಾ ನನ್ನನ್ನು ನೋಡುತ್ತಿಲ್ಲ. ನನ್ನ ಹೆಗಲಾಚೆ, ನೀರಿನ ಅಂಚಿಗೆ ನೋಡುತ್ತಿದ್ದಾರೆ. ಕೈಚೀಲ ಕೆಳಗಿಟ್ಟರು. ಎರಡೂ ಕೈ ಮುಂದೆ ಚಾಚಿದರು, ಯಾರನ್ನೋ ಬರಮಾಡಿಕೊಳ್ಳುವಂತೆ.